ನೂರಕ್ಕೆ 97: ಹವಾಮಾನ ವಿಜ್ಞಾನಿಗಳ ಒಮ್ಮತವನ್ನು ಎಣಿಸಿದ್ದು ಹೇಗೆ?

ಹವಾಮಾನ ಬದಲಾವಣೆಯ ಚರ್ಚೆ ಎಲ್ಲೇ ನಡೆಯಲಿ, ಸ್ವಲ್ಪ ಹೊತ್ತಿಗೆ ಒಂದು ಸಂಖ್ಯೆ ಹಾಜರಾಗುತ್ತದೆ: ನೂರಕ್ಕೆ 97. ಭೂಮಿ ಬಿಸಿಯಾಗುತ್ತಿರುವುದಕ್ಕೆ ಮನುಷ್ಯನೇ ಕಾರಣವೆಂದು ಶೇ 97ರಷ್ಟು ವಿಜ್ಞಾನಿಗಳು ಒಪ್ಪಿದ್ದಾರೆ ಎಂಬುದು ಅದರ ತಾತ್ಪರ್ಯ. ಹೇಳುವವರು ಈ ಸಂಖ್ಯೆಯನ್ನು ಚರ್ಚೆ ಮುಗಿಸಲು ಬಳಸುತ್ತಾರೆ. ಒಪ್ಪದವರು ‘ವಿಜ್ಞಾನವನ್ನು ಕೈಯೆತ್ತಿಸಿ ತೀರ್ಮಾನಿಸುವುದು ಯಾವಾಗಿನಿಂದ ಶುರುವಾಯಿತು?’ ಎಂದು ಕೇಳುತ್ತಾರೆ. ಎರಡೂ ಕಡೆಯ ಹೆಚ್ಚಿನವರು ಆ ಸಂಖ್ಯೆ ಹುಟ್ಟಿದ ಪ್ರಬಂಧವನ್ನು ತೆರೆದು ನೋಡಿರುವುದಿಲ್ಲ. ನೋಡಿದರೆ ಅಲ್ಲಿನ ಲೆಕ್ಕ ಸಂಖ್ಯೆಗಿಂತ ಸ್ವಾರಸ್ಯಕರವಾಗಿದೆ.

ಕೈಯೆತ್ತಿಸುವ ಕುರಿತ ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಹೆಚ್ಚು ಜನ ಒಪ್ಪಿದ ಮಾತ್ರಕ್ಕೆ ಯಾವ ಸಿದ್ಧಾಂತವೂ ನಿಜವಾಗುವುದಿಲ್ಲ. ಖಂಡಗಳು ಚಲಿಸುತ್ತವೆ ಎಂದು ಆಲ್ಫ್ರೆಡ್ ವೆಗೆನರ್ 1912ರಲ್ಲಿ ಹೇಳಿದಾಗ ಬಹುಪಾಲು ಭೂವಿಜ್ಞಾನಿಗಳು ನಂಬಲಿಲ್ಲ. 1960ರ ದಶಕದಲ್ಲಿ ಸಾಗರತಳದಿಂದ ಪುರಾವೆ ಬಂದ ಮೇಲೆ ಕೆಲವೇ ವರ್ಷಗಳಲ್ಲಿ ಅವರ ನಿಲುವು ಬದಲಾಯಿತು. ಪುರಾವೆ ಮೊದಲು, ಒಮ್ಮತ ಆಮೇಲೆ. ಹಾಗಿದ್ದರೆ ಒಮ್ಮತವನ್ನು ಎಣಿಸುವ ಗೊಡವೆಯಾದರೂ ಏಕೆ ಬಂತು?

ಒಮ್ಮತವೇ ಇಲ್ಲ ಎಂದು ಹೇಳುವ ಕೆಲಸ ಅಷ್ಟು ವ್ಯವಸ್ಥಿತವಾಗಿ ನಡೆದದ್ದರಿಂದ ಬಂತು. ಅಮೆರಿಕದ ರಿಪಬ್ಲಿಕನ್ ಪಕ್ಷದ ಸಲಹೆಗಾರ ಫ್ರಾಂಕ್ ಲಂಟ್ಜ್ 2002ರಲ್ಲಿ ಪಕ್ಷಕ್ಕೊಂದು ಟಿಪ್ಪಣಿ ಬರೆದುಕೊಟ್ಟರು. ವಿಜ್ಞಾನಿಗಳಲ್ಲಿ ಒಮ್ಮತವಿಲ್ಲವೆಂದು ಮತದಾರರು ನಂಬಿದ್ದಾರೆ. ವಿಷಯ ಇತ್ಯರ್ಥವಾಗಿದೆ ಎಂದು ಅವರಿಗೆ ಅನ್ನಿಸಿದರೆ ಅಭಿಪ್ರಾಯವೂ ಬದಲಾಗುತ್ತದೆ. ಆದ್ದರಿಂದ ವೈಜ್ಞಾನಿಕ ಅನಿಶ್ಚಿತತೆಯನ್ನೇ ಮುಖ್ಯ ವಿಷಯವಾಗಿ ಉಳಿಸಿಕೊಳ್ಳಿ ಎಂಬುದು ಅದರ ಸಾರ. ಸಂಶೋಧಕರು ಆಮೇಲೆ ಪ್ರಯೋಗ ಮಾಡಿ ಕಂಡುಕೊಂಡದ್ದನ್ನು ಲಂಟ್ಜ್ ಮೊದಲೇ ಊಹಿಸಿದ್ದರು. 2019ರಲ್ಲಿ ಅವರು ಸೆನೆಟ್ ಸಮಿತಿಯ ಮುಂದೆ ಬಂದು ಆಗ ತಾನು ಹೇಳಿದ್ದು ತಪ್ಪೆಂದು ಒಪ್ಪಿಕೊಂಡರು. ಅಷ್ಟರಲ್ಲಿ ಹದಿನೇಳು ವರ್ಷ ಕಳೆದಿತ್ತು.

ಮೊದಲ ಹೆಸರಾಂತ ಎಣಿಕೆ ವಿಜ್ಞಾನ ಚರಿತ್ರಕಾರ್ತಿ ನವೋಮಿ ಒರೆಸ್ಕಸ್ ಅವರದು. 1993ರಿಂದ 2003ರವರೆಗೆ ಪ್ರಕಟವಾದ 928 ಪ್ರಬಂಧಗಳ ಸಾರಾಂಶಗಳನ್ನು ಅವರು ಪರಿಶೀಲಿಸಿ, 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಮುಕ್ಕಾಲು ಪಾಲು ಪ್ರಬಂಧಗಳು ಒಮ್ಮತದ ನಿಲುವನ್ನು ನೇರವಾಗಿಯೋ ಸೂಚ್ಯವಾಗಿಯೋ ಒಪ್ಪಿದ್ದವು. ಉಳಿದ ಕಾಲು ಭಾಗ ಸಂಶೋಧನಾ ವಿಧಾನಗಳನ್ನೋ ಪ್ರಾಚೀನ ಕಾಲದ ಹವಾಮಾನವನ್ನೋ ಕುರಿತದ್ದು. ಅವುಗಳಲ್ಲಿ ಈ ಪ್ರಶ್ನೆಯೇ ಬರುವುದಿಲ್ಲ. ಅಲ್ಲಗಳೆದ ಪ್ರಬಂಧ ಒಂದೂ ಇರಲಿಲ್ಲ.

ಪ್ರಬಂಧ ಬೇಡ, ಮನುಷ್ಯರನ್ನೇ ಕೇಳೋಣ ಎಂದು ಹೊರಟವರು ಪೀಟರ್ ಡೋರನ್ ಮತ್ತು ಮ್ಯಾಗಿ ಜಿಮ್ಮರ್‌ಮನ್. ಹತ್ತು ಸಾವಿರಕ್ಕೂ ಹೆಚ್ಚು ಭೂವಿಜ್ಞಾನಿಗಳಿಗೆ ಪ್ರಶ್ನೆ ಕಳುಹಿಸಿದಾಗ 3,146 ಮಂದಿ ಉತ್ತರಿಸಿದರು. ಜಾಗತಿಕ ಸರಾಸರಿ ತಾಪಮಾನ ಬದಲಾಗುವುದರಲ್ಲಿ ಮನುಷ್ಯನ ಚಟುವಟಿಕೆಗೆ ಗಣನೀಯ ಪಾತ್ರವಿದೆಯೇ ಎಂಬ ಪ್ರಶ್ನೆಗೆ ಶೇ 82 ಮಂದಿ ಹೌದೆಂದರು. 2009ರಲ್ಲಿ ಪ್ರಕಟವಾದ ಈ ಸಮೀಕ್ಷೆಯ ನಿಜವಾದ ಬೆಲೆ ಇರುವುದು ಒಟ್ಟು ಮೊತ್ತದಲ್ಲಲ್ಲ, ಒಳಗಿನ ವಿಂಗಡಣೆಯಲ್ಲಿ. ಅದಿರು, ತೈಲಗಳನ್ನು ಹುಡುಕುವ ಆರ್ಥಿಕ ಭೂವಿಜ್ಞಾನಿಗಳಲ್ಲಿ ಹೌದೆಂದವರು ಶೇ 47. ನಾಳೆ ನಾಡಿದ್ದಿನ ಮಳೆ ಬಿಸಿಲು ಲೆಕ್ಕ ಹಾಕುವ ಪವನಶಾಸ್ತ್ರಜ್ಞರಲ್ಲಿ ಶೇ 64. ಹವಾಮಾನವೇ ತಮ್ಮ ವಿಷಯವಾಗಿದ್ದು, ಅದರಲ್ಲೇ ಹೆಚ್ಚಾಗಿ ಬರೆಯುತ್ತಿದ್ದವರು 77 ಮಂದಿ. ಅವರಲ್ಲಿ ಹೌದೆಂದವರು 75. ಅಂದರೆ ಶೇ 97.4.

77 ಬಹಳ ಚಿಕ್ಕ ಗುಂಪು ಎಂಬ ಟೀಕೆ ನ್ಯಾಯವಾದದ್ದೇ. ಆದರೆ ವಿಷಯಕ್ಕೆ ಹತ್ತಿರವಾದಂತೆ ಒಪ್ಪಿಗೆ ಏರುತ್ತ ಹೋಗುವ ಈ ಮೆಟ್ಟಿಲು ಆಮೇಲಿನ ಅಧ್ಯಯನಗಳಲ್ಲೂ ಕಂಡಿದೆ. ಕ್ರಿಸ್ಟಾ ಮೈಯರ್ಸ್ ಮತ್ತು ಸಂಗಡಿಗರು 2021ರಲ್ಲಿ ಇಂಥದ್ದೇ ಸಮೀಕ್ಷೆಯನ್ನು ಮತ್ತೆ ನಡೆಸಿದರು. ಉತ್ತರಿಸಿದ 2,780 ಭೂವಿಜ್ಞಾನಿಗಳಲ್ಲಿ ಶೇ 91 ಮಂದಿ ಒಪ್ಪಿದರು. ಹವಾಮಾನ ತಜ್ಞರಲ್ಲಿ ಶೇ 98.7. ಹನ್ನೆರಡು ವರ್ಷಗಳಲ್ಲಿ ತಜ್ಞರ ಸಂಖ್ಯೆ ಅಲ್ಲಲ್ಲೇ ಇತ್ತು, ಪಕ್ಕದ ಕೋಣೆಯವರು ಹತ್ತಿರ ಬಂದಿದ್ದರು.

ಲೋಕಪ್ರಸಿದ್ಧವಾದ 97 ಬಂದದ್ದು ಜಾನ್ ಕುಕ್ ಮತ್ತು ಸಹೋದ್ಯೋಗಿಗಳ 2013ರ ಪ್ರಬಂಧದಿಂದ. ಬೈಸಿಕೊಂಡದ್ದೂ ಅದೇ ಹೆಚ್ಚು. 1991ರಿಂದ 2011ರವರೆಗೆ ‘ಜಾಗತಿಕ ತಾಪಮಾನ ಏರಿಕೆ’ ಅಥವಾ ‘ಜಾಗತಿಕ ಹವಾಮಾನ ಬದಲಾವಣೆ’ ಎಂಬ ಪದಗಳಿದ್ದ 11,944 ಪ್ರಬಂಧಗಳನ್ನು ಅವರು ಆರಿಸಿಕೊಂಡರು. ಓದಲು ಕುಳಿತವರು ಸ್ವಯಂಸೇವಕರು. ಪರದೆಯ ಮೇಲೆ ಶೀರ್ಷಿಕೆ ಮತ್ತು ಸಾರಾಂಶ ಮಾತ್ರ ಕಾಣುತ್ತಿತ್ತು. ಬರೆದವರ ಹೆಸರು, ಪತ್ರಿಕೆಯ ಹೆಸರು, ಪ್ರಕಟವಾದ ವರ್ಷ ಎಲ್ಲವನ್ನೂ ಮರೆಮಾಡಲಾಗಿತ್ತು. ಪ್ರತಿ ಸಾರಾಂಶವನ್ನೂ ಇಬ್ಬರು ಬೇರೆ ಬೇರೆಯಾಗಿ ಓದಿ ಏಳು ದರ್ಜೆಗಳಲ್ಲಿ ಒಂದಕ್ಕೆ ಹಾಕಬೇಕು. ಅರ್ಧಕ್ಕಿಂತ ಹೆಚ್ಚು ಮನುಷ್ಯನ ಪಾಲು ಎಂದು ಪ್ರಮಾಣ ಹೇಳಿಯೇ ಒಪ್ಪುವುದು ಮೊದಲ ದರ್ಜೆ. ಪ್ರಮಾಣ ಹೇಳದೆ ನೇರವಾಗಿ ಒಪ್ಪುವುದು ಎರಡನೆಯದು. ಸೂಚ್ಯವಾಗಿ ಒಪ್ಪುವುದು ಮೂರನೆಯದು. ಹವಾಮಾನ ಬದಲಾವಣೆ ತಗ್ಗಿಸಲು ಇಂಗಾಲದ ಹೊರಸೂಸುವಿಕೆ ಕಡಿಮೆ ಮಾಡಬೇಕು ಎಂದು ಹೇಳುವ ಸಾರಾಂಶ ಇಲ್ಲಿಗೆ ಬರುತ್ತದೆ. ನಾಲ್ಕನೆಯದು ನಿಲುವೇ ಇಲ್ಲದ್ದು. ಉಳಿದ ಮೂರು, ಮೊದಲ ಮೂರರ ತದ್ವಿರುದ್ಧ.

ಇದು ಯಂತ್ರದಂತೆ ನಡೆಯಿತೆಂದು ಯಾರೂ ತಿಳಿಯಬಾರದು. ಒಪ್ಪಿಗೆಯ ದರ್ಜೆ ನೀಡುವಾಗ ಮೊದಲ ಸುತ್ತಿನಲ್ಲಿ ಶೇ 33ರಷ್ಟು ಕಡೆ ಇಬ್ಬರು ಓದುಗರ ತೀರ್ಮಾನ ಹೊಂದಲಿಲ್ಲ. ಒಬ್ಬರ ಕಣ್ಣಿಗೆ ಸೂಚ್ಯ ಒಪ್ಪಿಗೆ ಕಂಡಲ್ಲಿ ಇನ್ನೊಬ್ಬರಿಗೆ ಮೌನ ಕಂಡಿತು. ತಮ್ಮ ತೀರ್ಮಾನವನ್ನು ಸಮರ್ಥಿಸಿಕೊಳ್ಳಲು ಅಥವಾ ತಿದ್ದಿಕೊಳ್ಳಲು ಅವಕಾಶ ಕೊಟ್ಟ ಮೇಲೂ ಶೇ 16ರಷ್ಟು ಉಳಿದವು. ಅವನ್ನು ಮೂರನೆಯವರು ಬಗೆಹರಿಸಿದರು. ಸಾರಾಂಶ ಬರೆಯುವವರು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಬರೆಯುವುದು ಎಷ್ಟು ಸಾಮಾನ್ಯ ಎಂಬುದು ಇಲ್ಲಿ ತಿಳಿಯುತ್ತದೆ.

ಈಗ ಲೆಕ್ಕ. 11,944 ಪ್ರಬಂಧಗಳಲ್ಲಿ 3,896 ಒಪ್ಪಿದವು. 78 ಅಲ್ಲಗಳೆದವು. 40 ಖಚಿತವಿಲ್ಲ ಎಂದವು. ಉಳಿದ 7,930, ಅಂದರೆ ಮೂರರಲ್ಲಿ ಎರಡು ಪಾಲು, ಯಾವ ನಿಲುವನ್ನೂ ಹೇಳಲಿಲ್ಲ. ನಿಲುವು ಹೇಳಿದವು ಒಟ್ಟು 4,014. ಅದರಲ್ಲಿ 3,896 ಎಂದರೆ ಶೇ 97.1. ಎಲ್ಲ ಪ್ರಬಂಧಗಳನ್ನೂ ಛೇದದಲ್ಲಿಟ್ಟರೆ ಅದೇ ಒಪ್ಪಿಗೆ ಶೇ 32.6ಕ್ಕೆ ಇಳಿಯುತ್ತದೆ. ಟೀಕಾಕಾರ ಡೇವಿಡ್ ಲೆಗೇಟ್ಸ್ ಮತ್ತು ಸಂಗಡಿಗರು ಇನ್ನೂ ಮುಂದೆ ಹೋದರು. ಅರ್ಧಕ್ಕಿಂತ ಹೆಚ್ಚು ಎಂದು ಪ್ರಮಾಣ ಹೇಳಿದ ಮೊದಲ ದರ್ಜೆಯನ್ನು ಮಾತ್ರ ಹಿಡಿದು, ಅಲ್ಲಿದ್ದ 64ರಲ್ಲೂ 41 ಮಾತ್ರ ಸರಿ ಎಂದು ವಾದಿಸಿ, ಶೇ 0.3 ಎಂಬ ಉತ್ತರ ತೆಗೆದರು. ಒಂದೇ ರಾಶಿ ಕಾಗದ. ಉತ್ತರ 97, 32.6, 0.3. ಭಾಗಾಕಾರದಲ್ಲಿ ಯಾರೂ ತಪ್ಪಿಲ್ಲ. ಯಾವ ಪ್ರಶ್ನೆಗೆ ಯಾವ ಛೇದ ಎಂಬುದರಲ್ಲಿದೆ ಇಡೀ ಜಗಳ.

ಆ 7,930 ಮೌನಗಳಿಗೆ ಏನರ್ಥ? ‘ಮೂರರಲ್ಲಿ ಎರಡು ಪಾಲು ವಿಜ್ಞಾನಿಗಳು ಒಪ್ಪಿಲ್ಲ’ ಎಂದು ಓದುವವರಿದ್ದಾರೆ. ನನಗೆ ಇದು ಪ್ರಬಂಧ ಬರೆಯುವ ರೂಢಿಯನ್ನೇ ತಿಳಿಯದ ಓದು ಅನ್ನಿಸುತ್ತದೆ. ಮಲೇರಿಯಾದ ಹೊಸ ಔಷಧದ ಬಗ್ಗೆ ಬರೆಯುವವರು ಆ ರೋಗ ಸೊಳ್ಳೆಯಿಂದ ಹರಡುತ್ತದೆ ಎಂದು ಸಾರಾಂಶದಲ್ಲಿ ವಾದ ಹೂಡುವುದಿಲ್ಲ. ಇನ್ನೂರು ಮುನ್ನೂರು ಪದಗಳ ಜಾಗದಲ್ಲಿ ಹೊಸದನ್ನು ಹೇಳಬೇಕೇ ಹೊರತು ಗೊತ್ತಿರುವುದನ್ನಲ್ಲ. ವಿವಾದ ಮುಗಿದಷ್ಟೂ ಅದರ ಉಲ್ಲೇಖ ಕಡಿಮೆಯಾಗುತ್ತದೆ. ಕುಕ್ ತಂಡದ ಎಣಿಕೆಯಲ್ಲೂ ವರ್ಷಗಳು ಕಳೆದಂತೆ ನಿಲುವು ಹೇಳದ ಸಾರಾಂಶಗಳ ಪಾಲು ಹೆಚ್ಚಿತು.

ನನ್ನ ಮಾತೇಕೆ, ತಂಡವೇ ಇದನ್ನು ಪರೀಕ್ಷಿಸಿತು. ಬರೆದವರಿಗೇ ಮಿಂಚಂಚೆ ಕಳುಹಿಸಿ, ನಿಮ್ಮ ಇಡೀ ಪ್ರಬಂಧಕ್ಕೆ ನೀವೇ ದರ್ಜೆ ಕೊಡಿ ಎಂದು ಕೇಳಿತು. 1,200 ಮಂದಿ ಉತ್ತರಿಸಿ 2,142 ಪ್ರಬಂಧಗಳಿಗೆ ದರ್ಜೆ ಕೊಟ್ಟರು. ನಿಲುವಿಲ್ಲ ಎಂದು ಲೇಖಕರೇ ಹೇಳಿದ್ದು ಶೇ 35.5 ಮಾತ್ರ. ಸಾರಾಂಶದಲ್ಲಿ ಮೌನವಾಗಿದ್ದ ಪ್ರಬಂಧಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಳಗೆ ಒಪ್ಪಿಗೆ ಹೇಳಿದ್ದವು. ನಿಲುವಿದ್ದವುಗಳ ಪೈಕಿ ಒಪ್ಪಿದವು ಶೇ 97.2. ಅಪರಿಚಿತರು ಹೊರಗಿನಿಂದ ಓದಿದ್ದಕ್ಕೂ ಬರೆದವರೇ ಹೇಳಿದ್ದಕ್ಕೂ ಇಷ್ಟು ಹೊಂದಿಕೆ ಬಂದದ್ದೇ ಈ ಅಧ್ಯಯನದ ಗಟ್ಟಿ ಭಾಗ. ದುರದೃಷ್ಟಕ್ಕೆ ಪತ್ರಿಕೆಗಳಲ್ಲಿ ಇದರ ಸುದ್ದಿ ಅಷ್ಟಾಗಿ ಬರುವುದಿಲ್ಲ.

ಅರ್ಥಶಾಸ್ತ್ರಜ್ಞ ರಿಚರ್ಡ್ ಟೋಲ್ ಈ ಎಣಿಕೆಯ ವಿಧಾನವನ್ನು ಕಟುವಾಗಿ ಟೀಕಿಸಿ, ದರ್ಜೆಯ ತಪ್ಪುಗಳನ್ನು ಸರಿಪಡಿಸಿದರೆ ಒಪ್ಪಿಗೆ ಶೇ 91ಕ್ಕೆ ಇಳಿಯುತ್ತದೆ ಎಂದು 2014ರಲ್ಲಿ ಬರೆದರು. ಆ ಲೆಕ್ಕ ಸರಿಯಾಗಬೇಕಾದರೆ ಯಾರೂ ಬರೆಯದ ಸುಮಾರು 300 ತಿರಸ್ಕಾರದ ಪ್ರಬಂಧಗಳು ಇರಬೇಕಾಗುತ್ತದೆ ಎಂದು ಕುಕ್ ತಂಡ ಮರುನುಡಿಯಿತು. ವಿಶೇಷವೆಂದರೆ ಮನುಷ್ಯನೇ ಕಾರಣ ಎಂಬುದನ್ನು ವೈಜ್ಞಾನಿಕ ಸಾಹಿತ್ಯ ಭಾರಿ ಪ್ರಮಾಣದಲ್ಲಿ ಬೆಂಬಲಿಸುತ್ತದೆ ಎಂಬ ಬಗ್ಗೆ ಟೋಲ್ ಅವರಿಗೂ ಸಂದೇಹವಿರಲಿಲ್ಲ. ಅವರ ತಕರಾರು ಅಳತೆಗೋಲಿನ ಬಗ್ಗೆ.

ಸಂಖ್ಯೆ ಹೊರಬಂದ ಮರುದಿನವೇ, 2013ರ ಮೇ 16ರಂದು, ಬರಾಕ್ ಒಬಾಮಾ ಅವರ ಹೆಸರಿನ ಟ್ವಿಟರ್ ಖಾತೆ ಅದನ್ನು ಕೋಟ್ಯಂತರ ಜನರಿಗೆ ಮುಟ್ಟಿಸಿತು: ಶೇ 97 ವಿಜ್ಞಾನಿಗಳು ಹವಾಮಾನ ಬದಲಾವಣೆ ನಿಜ, ಮನುಷ್ಯಕೃತ, ಅಪಾಯಕಾರಿ ಎಂದು ಒಪ್ಪುತ್ತಾರೆ ಎಂದು. ಒಂದೇ ಸಾಲಿನಲ್ಲಿ ಎರಡು ಜಾರಿಕೆ. ಎಣಿಸಿದ್ದು ಪ್ರಬಂಧಗಳನ್ನು, ವಿಜ್ಞಾನಿಗಳನ್ನಲ್ಲ. ‘ಅಪಾಯಕಾರಿ’ ಎಂಬ ಪ್ರಶ್ನೆಯನ್ನು ಅಧ್ಯಯನ ಕೇಳಿರಲೇ ಇಲ್ಲ. ಅಪಾಯವಿಲ್ಲ ಎಂದು ನಾನು ಹೇಳುತ್ತಿಲ್ಲ; ಅದಕ್ಕೆ ಬೇರೆಯ ಪುರಾವೆ ಇದೆ, ಬೇರೆಯದೇ ಸಂಶೋಧನೆ ಇದೆ. ಆದರೆ ಸಂಖ್ಯೆಯ ಹೆಗಲ ಮೇಲೆ ಅದು ಹೊರಲಾರದ ಭಾರ ಹೊರಿಸಿದರೆ ಎದುರಾಳಿಗೆ ಸುಲಭದ ಗೆಲುವೊಂದನ್ನು ಕೈಯಾರೆ ಕೊಟ್ಟಂತಾಗುತ್ತದೆ.

ಛೇದವೇ ಇಲ್ಲದ ಸಂಖ್ಯೆ ಇನ್ನೂ ಮೋಸದ್ದು. 1998ರಲ್ಲಿ ಶುರುವಾದ ‘ಒರೆಗಾನ್ ಮನವಿ’ಗೆ 31,000ಕ್ಕೂ ಹೆಚ್ಚು ವಿಜ್ಞಾನಿಗಳು ಸಹಿ ಹಾಕಿದ್ದಾರೆ ಎಂಬ ಮಾತು ಇಂದಿಗೂ ಓಡಾಡುತ್ತದೆ. ಸಹಿ ಹಾಕಲು ಬೇಕಾದದ್ದು ವಿಜ್ಞಾನ, ಎಂಜಿನಿಯರಿಂಗ್, ವೈದ್ಯಕೀಯದಂಥ ವಿಷಯಗಳಲ್ಲಿ ಒಂದು ಪದವಿ. ಹವಾಮಾನ ವಿಜ್ಞಾನ ತಮ್ಮ ಕ್ಷೇತ್ರವೆಂದು ಹೇಳಿಕೊಂಡವರು 39 ಮಂದಿ. ಮನವಿಯ ಜೊತೆಗೆ ಕಳುಹಿಸಿದ ಲೇಖನವನ್ನು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯ ಪುಟದಂತೆಯೇ ಮುದ್ರಿಸಿದ್ದರಿಂದ, ಇದಕ್ಕೂ ನಮಗೂ ಸಂಬಂಧವಿಲ್ಲ ಎಂದು ಅಕಾಡೆಮಿ ಬಹಿರಂಗವಾಗಿ ಹೇಳಬೇಕಾಯಿತು.

2021ರಲ್ಲಿ ಮಾರ್ಕ್ ಲೈನಸ್ ಮತ್ತಿಬ್ಬರು 2012ರ ನಂತರದ 88,125 ಪ್ರಬಂಧಗಳ ರಾಶಿಯಿಂದ 3,000ವನ್ನು ಯಾದೃಚ್ಛಿಕವಾಗಿ ಎತ್ತಿ ನೋಡಿದರು. ಸಂದೇಹ ತೋರಿದವು ನಾಲ್ಕು. ಕಂಪ್ಯೂಟರಿನಿಂದ ಇಡೀ ರಾಶಿಯನ್ನೇ ಜಾಲಾಡಿದಾಗ ಅಂಥವು 28 ಸಿಕ್ಕವು. ಒಮ್ಮತ ಶೇ 99ಕ್ಕಿಂತ ಹೆಚ್ಚು ಎಂದು ಅವರು ತೀರ್ಮಾನಿಸಿದರು. ಸುದ್ದಿಗೆ 99 ಚೆನ್ನ. ನನಗೆ ಮಾತ್ರ ಹಳೆಯ 97ರ ಮೇಲೆಯೇ ಹೆಚ್ಚು ಭರವಸೆ. ಅಲ್ಲಿ ಬರೆದವರನ್ನೂ ಕೇಳಲಾಗಿತ್ತು.

ಇಷ್ಟೆಲ್ಲ ಒಪ್ಪಿಗೆ ಗುಂಪಿನಲ್ಲಿ ಗೋವಿಂದ ಎಂದದ್ದಲ್ಲ ಎಂದು ಹೇಗೆ ತಿಳಿಯುವುದು? ಅದು ಎಷ್ಟು ನಿಧಾನವಾಗಿ ಬಂತು ಎಂಬುದನ್ನು ನೋಡಬೇಕು. ವಿಶ್ವಸಂಸ್ಥೆಯ ಆಶ್ರಯದ ಅಂತರಸರ್ಕಾರಿ ಸಮಿತಿ ಐಪಿಸಿಸಿ, ಮನುಷ್ಯನ ಕೈವಾಡವನ್ನು ನಿಸ್ಸಂದೇಹವಾಗಿ ಗುರುತಿಸಲು ಇನ್ನೂ ಹತ್ತು ವರ್ಷವಾದರೂ ಬೇಕಾದೀತು ಎಂದು 1990ರಲ್ಲಿ ಹೇಳಿತ್ತು. 1995ರಲ್ಲಿ, ಪುರಾವೆಗಳನ್ನು ತೂಗಿದರೆ ಮನುಷ್ಯನ ಪ್ರಭಾವ ಕಾಣುತ್ತದೆ ಎಂದಿತು. 2001ರಲ್ಲಿ ಆ ಸಂಭವ ಶೇ 66ಕ್ಕಿಂತ ಹೆಚ್ಚು, 2007ರಲ್ಲಿ ಶೇ 90ಕ್ಕಿಂತ ಹೆಚ್ಚು, 2013ರಲ್ಲಿ ಶೇ 95ಕ್ಕಿಂತ ಹೆಚ್ಚು. 2021ರ ವರದಿಯಲ್ಲಿ ಶೇಕಡಾವಾರನ್ನೇ ಕೈಬಿಟ್ಟು, ಇದು ನಿರ್ವಿವಾದ ಎಂದು ಬರೆಯಿತು. ಈ ಶೇ 95ನ್ನೂ ಕುಕ್ ಅವರ ಶೇ 97ನ್ನೂ ಜನ ಆಗಾಗ ಬೆರೆಸಿಬಿಡುತ್ತಾರೆ. ಒಂದು ತೀರ್ಮಾನದ ಖಚಿತತೆ, ಇನ್ನೊಂದು ಒಪ್ಪಿದ ಪ್ರಬಂಧಗಳ ಪ್ರಮಾಣ, ಎರಡಕ್ಕೂ ಸಂಬಂಧವಿಲ್ಲ.

ಆ ಮೂವತ್ತು ವರ್ಷಗಳಲ್ಲಿ ಸೇರಿದ್ದು ಪುರಾವೆ. ಸೂರ್ಯನೇ ಹೆಚ್ಚು ಕಾಯುತ್ತಿದ್ದರೆ ವಾಯುಮಂಡಲ ಕೆಳಗಿನಿಂದ ಮೇಲಿನವರೆಗೆ ಬಿಸಿಯಾಗಬೇಕಿತ್ತು. ಇಂಗಾಲದ ಡೈಆಕ್ಸೈಡ್ ಕಾರಣವಾಗಿದ್ದರೆ ನಾವಿರುವ ಪರಿವರ್ತನಾ ಮಂಡಲ ಬಿಸಿಯಾಗಿ, ಅದರ ಮೇಲಿನ ಸಮೋಷ್ಣ ಮಂಡಲ ತಣ್ಣಗಾಗಬೇಕು ಎಂದು ಸ್ಯುಕುರೊ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್ 1967ರಲ್ಲೇ ಲೆಕ್ಕ ಹಾಕಿದ್ದರು. ಅಳೆದಾಗ ಕಂಡದ್ದು ಅದೇ. ಗಾಳಿಯಲ್ಲಿ ಹೆಚ್ಚುತ್ತಿರುವ ಇಂಗಾಲದ ಸಮಸ್ಥಾನಿಗಳ (ಒಂದೇ ಧಾತುವಿನ, ತೂಕ ಬೇರೆಯಾದ ಪರಮಾಣುಗಳ) ಅನುಪಾತವೂ ಅದು ಕಲ್ಲಿದ್ದಲು, ತೈಲಗಳಿಂದ ಬಂದದ್ದೆಂದು ಹೇಳುತ್ತದೆ. 19ನೇ ಶತಮಾನದ ಉತ್ತರಾರ್ಧಕ್ಕೆ ಹೋಲಿಸಿದರೆ 2010–2019ರ ದಶಕ 1.06 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿತ್ತು. ಅದರಲ್ಲಿ ಮನುಷ್ಯನ ಪಾಲಿನ ಅತ್ಯುತ್ತಮ ಅಂದಾಜು 1.07 ಡಿಗ್ರಿ. ಹೆಚ್ಚುಕಡಿಮೆ ಪೂರ್ತಿ.

ಒಮ್ಮತದ ಬೇಲಿ ಎಲ್ಲಿಯವರೆಗೆ ಎಂಬುದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. ಹಿಮಾಲಯದ ಹಿಮನದಿಗಳು 2035ರ ಹೊತ್ತಿಗೆ ಕರಗಿಹೋಗಬಹುದು ಎಂದು ಐಪಿಸಿಸಿಯ 2007ರ ವರದಿಯ ಎರಡನೇ ಸಂಪುಟದಲ್ಲಿ ಅಚ್ಚಾಗಿತ್ತು. ಆಗ ಪರಿಸರ ಸಚಿವರಾಗಿದ್ದ ಜೈರಾಮ್ ರಮೇಶ್ ಅವರ ಸಚಿವಾಲಯ, ಹಿಮನದಿ ತಜ್ಞ ವಿ. ಕೆ. ರೈನಾ ಅವರ ಭಿನ್ನ ಅಭಿಪ್ರಾಯದ ಪ್ರಬಂಧವನ್ನು 2009ರಲ್ಲಿ ಪ್ರಕಟಿಸಿತು. ದೊಡ್ಡ ಜಗಳವಾಯಿತು. 2035ರ ಮೂಲ ಹುಡುಕಿದಾಗ ಸಿಕ್ಕದ್ದು ಪರಿಶೀಲಿತ ಸಂಶೋಧನೆಯಲ್ಲ, ಪರಿಸರ ಸಂಘಟನೆಯೊಂದರ ವರದಿ. 2010ರ ಜನವರಿಯಲ್ಲಿ ಐಪಿಸಿಸಿ ತಪ್ಪು ಒಪ್ಪಿಕೊಂಡಿತು. ತಪ್ಪಿದ್ದು ಒಂದು ಪರಿಣಾಮದ ದಿನಾಂಕ. ಬಿಸಿ ಏರುತ್ತಿರುವುದೇಕೆ ಎಂಬ ಪ್ರಶ್ನೆ ಬೇರೆ ಸಂಪುಟದಲ್ಲಿ, ಬೇರೆ ಪುರಾವೆಯ ಮೇಲೆ ನಿಂತಿತ್ತು. ಅದರ ಒಂದು ಇಟ್ಟಿಗೆಯೂ ಅಲ್ಲಾಡಲಿಲ್ಲ. 2005ರಲ್ಲಿ ಜಿ8 ದೇಶಗಳ ವಿಜ್ಞಾನ ಅಕಾಡೆಮಿಗಳ ಜೊತೆ ಜಂಟಿ ಹೇಳಿಕೆಗೆ ಸಹಿ ಹಾಕಿದ್ದ ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಅದನ್ನು ಹಿಂಪಡೆಯುವ ಕಾರಣವೇನೂ ಸಿಗಲಿಲ್ಲ.

ಹಾಗಾದರೆ ಜನರಿಗೆ ಇದು ತಲುಪಿದೆಯೇ? ಅಮೆರಿಕದಲ್ಲಿ ಒಮ್ಮತ ಶೇ 90ಕ್ಕಿಂತ ಹೆಚ್ಚೆಂದು ತಿಳಿದವರು ಐವರಲ್ಲಿ ಒಬ್ಬರಷ್ಟು ಎಂದು ಯೇಲ್ ವಿಶ್ವವಿದ್ಯಾಲಯದ ಸಮೀಕ್ಷೆಗಳು ಹೇಳುತ್ತ ಬಂದಿವೆ. ಮಾಧ್ಯಮದ ಪಾಲು ಇದರಲ್ಲಿ ಸಣ್ಣದಲ್ಲ. ಮ್ಯಾಕ್ಸ್ ಮತ್ತು ಜೂಲ್ಸ್ ಬೊಯ್ಕಾಫ್ 2004ರಲ್ಲಿ ಅಮೆರಿಕದ ನಾಲ್ಕು ಪ್ರಮುಖ ಪತ್ರಿಕೆಗಳನ್ನು ಪರಿಶೀಲಿಸಿದಾಗ, 1988–2002ರ ಲೇಖನಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಎರಡೂ ವಾದಗಳಿಗೆ ಹೆಚ್ಚುಕಡಿಮೆ ಸಮನಾದ ಜಾಗ ಕೊಟ್ಟಿದ್ದವು. ಸ್ಟುಡಿಯೊದ ಈ ತುದಿಗೊಬ್ಬರು, ಆ ತುದಿಗೊಬ್ಬರು ಕುಳಿತರೆ ನೋಡುವವನ ಮನಸ್ಸಿನಲ್ಲಿ ಉಳಿಯುವುದು ಐವತ್ತಕ್ಕೆ ಐವತ್ತು.

ಸರಿಯಾದ ಸಂಖ್ಯೆ ಹೇಳಿದರೆ ಏನಾಗುತ್ತದೆ ಎಂಬುದನ್ನು ಸಾಂಡರ್ ವ್ಯಾನ್ ಡರ್ ಲಿಂಡನ್ ಮತ್ತು ಸಂಗಡಿಗರು ಹತ್ತು ವರ್ಷಗಳಿಂದ ಪರೀಕ್ಷಿಸುತ್ತಿದ್ದಾರೆ. ಒಮ್ಮತದ ಅರಿವು ಹೆಬ್ಬಾಗಿಲಿದ್ದಂತೆ. ಅದು ತೆರೆದರೆ ಇದು ನಿಜ, ಮನುಷ್ಯಕೃತ, ಚಿಂತಿಸಬೇಕಾದದ್ದು ಎಂಬ ನಂಬಿಕೆಗಳು ಒಂದೊಂದಾಗಿ ಬರುತ್ತವೆ ಎಂಬುದು ಅವರ ಮಾದರಿ. ಇದರ ದೊಡ್ಡ ಪರೀಕ್ಷೆ 27 ದೇಶಗಳ 10,527 ಜನರ ಮೇಲೆ ನಡೆದು 2024ರಲ್ಲಿ ಪ್ರಕಟವಾಯಿತು. ಶೇ 97 ಎಂದು ಓದಿದವರ ತಪ್ಪು ಅಂದಾಜು ತಕ್ಕಮಟ್ಟಿಗೆ ಸರಿಹೋಯಿತು. ನಂಬಿಕೆ ಮತ್ತು ಕಳವಳ ತುಸು ಹೆಚ್ಚಿದವು. ಸಾರ್ವಜನಿಕ ಕ್ರಮಗಳಿಗೆ ಬೆಂಬಲ ಮಾತ್ರ ಹೆಚ್ಚಲಿಲ್ಲ. ‘ಇದೊಂದು ಬಿಕ್ಕಟ್ಟು ಎಂದು ಶೇ 88 ವಿಜ್ಞಾನಿಗಳು ಒಪ್ಪುತ್ತಾರೆ’ ಎಂದು ಸೇರಿಸಿದರೂ ಹೆಚ್ಚಿನ ಪರಿಣಾಮವಾಗಲಿಲ್ಲ. ಬಾಗಿಲು ತೆರೆಯಿತು, ಒಳಗೆ ಹೆಜ್ಜೆ ಇಟ್ಟವರು ಕಡಿಮೆ. ಹಾಗಾಗಿ ಈ ಸಂಖ್ಯೆಯ ಮೇಲೆ ಚಳವಳಿಗಳು ಇಟ್ಟ ನಿರೀಕ್ಷೆ ಅತಿಯಾಯಿತು ಎಂದೇ ನನ್ನ ಅಭಿಪ್ರಾಯ. ಅದೊಂದು ತಪ್ಪು ತಿಳಿವಳಿಕೆಯನ್ನು ತಿದ್ದುತ್ತದೆ, ಅಷ್ಟೆ.

ಭಾರತದ ಸಮಸ್ಯೆಯ ಸ್ವರೂಪವೂ ಬೇರೆ. ಯೇಲ್ ಮತ್ತು ಸಿವೋಟರ್ 2022ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ವಿಷಯವೇನೆಂದು ಚಿಕ್ಕದಾಗಿ ವಿವರಿಸಿದ ಮೇಲೆ ಶೇ 84 ಮಂದಿ ತಾಪಮಾನ ಏರುತ್ತಿದೆ ಎಂದರು. ಮುಖ್ಯವಾಗಿ ಮನುಷ್ಯನಿಂದ ಎಂದವರು ಶೇ 57. ಇಲ್ಲಿ ವಿಜ್ಞಾನಿಗಳ ಮೇಲೆ ಸಂದೇಹ ಬಿತ್ತುವ ಪಕ್ಷವಿಲ್ಲ. ಬಿಸಿಲು ಕಂಡಿದೆ, ಅದರ ಕಾರಣವನ್ನು ಯಾರೂ ಕೂರಿಸಿ ಹೇಳಿಲ್ಲ. ಇಂಥಲ್ಲಿ ಬರೀ 97 ಎನ್ನುವುದಕ್ಕಿಂತ ಸಮೋಷ್ಣ ಮಂಡಲ ತಣ್ಣಗಾದ ಕಥೆಯನ್ನೂ ಜೊತೆಗೆ ಹೇಳುವುದು ಮೇಲು.

ವಿಜ್ಞಾನಿಗಳ ನಿಜವಾದ ಭಿನ್ನಮತ ಇರುವುದು ಬೇರೆ ಕಡೆ. ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ ತಾಪಮಾನ ಎಷ್ಟು ಏರೀತು ಎಂಬುದಕ್ಕೆ 1979ರಲ್ಲಿ 1.5ರಿಂದ 4.5 ಡಿಗ್ರಿ ಎಂಬ ಉತ್ತರವಿತ್ತು. 2021ರ ಐಪಿಸಿಸಿ ವರದಿ ಅದನ್ನು 2.5ರಿಂದ 4ಕ್ಕೆ ಬಿಗಿಗೊಳಿಸಿತು. ಆ ಒಂದೂವರೆ ಡಿಗ್ರಿಯ ಅಂತರಕ್ಕೆ ಮುಖ್ಯ ಕಾರಣ ಮೋಡಗಳು; ಅವುಗಳ ಬಗ್ಗೆ ವಾದ ಮುಗಿದಿಲ್ಲ. ನಮ್ಮ ಮುಂಗಾರಿನ ಬಗ್ಗೆಯೂ ಅಷ್ಟೆ. ಬಿಸಿಯಾದ ಗಾಳಿ ಹೆಚ್ಚು ತೇವ ಹೊರುವುದರಿಂದ ಮಳೆ ಹೆಚ್ಚಬೇಕು. ಆದರೆ 20ನೇ ಶತಮಾನದ ಉತ್ತರಾರ್ಧದಲ್ಲಿ ದಕ್ಷಿಣ ಏಷ್ಯಾದ ಮುಂಗಾರು ದುರ್ಬಲವಾಯಿತು. ಹೊಗೆ, ಮಸಿ, ಗಂಧಕದ ಕಣಗಳು ಬಿಸಿಲನ್ನು ತಡೆದು ಅದನ್ನು ಕುಗ್ಗಿಸಿದವು ಎಂಬುದು ಮುಖ್ಯ ವಿವರಣೆ. ಇವೆರಡರಲ್ಲಿ ಮುಂದೆ ಯಾವುದರ ಕೈ ಎಷ್ಟು ಬೇಗ ಮೇಲಾಗುತ್ತದೆ, ಪಶ್ಚಿಮ ಘಟ್ಟದ ಮಳೆಗೆ ಏನಾಗುತ್ತದೆ ಎಂಬ ಬಗ್ಗೆ ಹವಾಮಾನದ ಕಂಪ್ಯೂಟರ್ ಮಾದರಿಗಳು ಒಂದಕ್ಕೊಂದು ಹೊಂದುವುದಿಲ್ಲ, ತಜ್ಞರೂ ಒಂದೇ ಮಾತು ಹೇಳುವುದಿಲ್ಲ. ಆದರೆ ಹಸಿರುಮನೆ ಅನಿಲವೂ ಮನುಷ್ಯನದೇ, ಹೊಗೆಯ ಕಣವೂ ಮನುಷ್ಯನದೇ ಎಂಬುದರಲ್ಲಿ ಈ ವಾದದ ಎರಡೂ ಕಡೆಯವರಿಗೆ ತಕರಾರಿಲ್ಲ.